ಎಂಜಿನ್ನಿಲ್ಲದ ನಾಟಕದ ದೋಣಿ

“ಅಜ್ಜ, ಇದರ ಎಂಜಿನ್ ಎಲ್ಲಿದೆ?”

ಅಮೆರಿಕದ ಸಿನ್ಸಿನಾಟಿ ನಗರದಲ್ಲಿ, ಓಹಿಯೊ ನದಿಯ ದಂಡೆಯ ಮೇಲೆ ನಿಂತು ನನ್ನ ಮೊಮ್ಮಗ ಕೇಳಿದ. ಆಗ ಅವನಿಗೆ ಒಂಬತ್ತು ವರ್ಷ. 2012ರ ಬೇಸಿಗೆ ಅದು. ನಾನು ಬ್ಯಾಂಕಿನಿಂದ ನಿವೃತ್ತನಾಗಿ ಒಂದು ವರ್ಷವಾಗಿತ್ತು. ಎದುರಿಗೆ ನೀರಿನ ಮೇಲೆ ಉದ್ದನೆಯ ಎರಡಂತಸ್ತಿನ ಮನೆಯಂಥದೊಂದನ್ನು ಹಗ್ಗದಿಂದ ಬಿಗಿದು ಕಟ್ಟಿದ್ದರು. ಹೆಸರು ‘ಮೆಜೆಸ್ಟಿಕ್’. ನಮ್ಮ ಬೆಂಗಳೂರಿನ ಮೆಜೆಸ್ಟಿಕ್‌ಗೂ ಆ ಹೆಸರು ಬಂದದ್ದು ಒಂದು ಚಿತ್ರಮಂದಿರದಿಂದ. ಇದು ತೇಲುವ ನಾಟಕಶಾಲೆ. ಹೊಗೆಕೊಳವೆಯಿಲ್ಲ, ನೀರು ಬಡಿಯುವ ಚಕ್ರವಿಲ್ಲ. ಹುಡುಗ ಕೇಳಿದ್ದು ಸರಿಯಾಗಿಯೇ ಇತ್ತು.

ಟಿಕೆಟ್ ಹರಿಯುತ್ತಿದ್ದ ಹಿರಿಯರನ್ನು ವಿಚಾರಿಸಿದೆ. ಎಂಜಿನ್ ಅದಕ್ಕೆ ಎಂದೂ ಇರಲೇ ಇಲ್ಲವಂತೆ! ಹಿಂದಿನಿಂದ ಪುಟ್ಟದೊಂದು ದೋಣಿ ಇದನ್ನು ಊರಿಂದೂರಿಗೆ ತಳ್ಳಿಕೊಂಡು ಹೋಗುತ್ತಿತ್ತು. ಆ ದೋಣಿಯ ಹೆಸರು ‘ಅಟ್ಟಾಬಾಯ್’. ಅಂದರೆ ಹೆಚ್ಚುಕಡಿಮೆ ‘ಶಹಬ್ಬಾಸ್ ಮರಿ’. ಮೊಮ್ಮಗ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. ಅಂದಿನಿಂದ ನಾನು ಅವನಿಗೆ ಅದೇ ಹೆಸರಿಟ್ಟೆ.

ಮಕ್ಕಳೇ, ರಸ್ತೆ ರೈಲು ಕಡಿಮೆಯಿದ್ದ ಕಾಲದಲ್ಲಿ ಅಲ್ಲಿನ ಹಳ್ಳಿಗಳಿಗೆ ನಾಟಕ ಬರುತ್ತಿದ್ದುದು ನದಿಯ ಮೇಲೆ. 1831ರಲ್ಲಿ ಚಾಪ್‌ಮನ್ ಎಂಬ ನಟರ ಕುಟುಂಬ ಪಿಟ್ಸ್‌ಬರ್ಗ್‌ನಲ್ಲಿ ಇಂಥದೊಂದು ದೋಣಿ ಕಟ್ಟಿಸಿತು. ನೀರು ಹರಿದತ್ತ ತೇಲಿಕೊಂಡು ಹೋಗುವುದು, ಊರು ಕಂಡಲ್ಲಿ ನಿಲ್ಲಿಸಿ ನಾಟಕ ಆಡುವುದು. ಕೈಯಲ್ಲಿ ಕಾಸಿಲ್ಲದವರು ಆಲೂಗೆಡ್ಡೆಯನ್ನೋ ಹಣ್ಣನ್ನೋ ಕೊಟ್ಟು ಒಳಗೆ ಹೋಗಬಹುದಿತ್ತಂತೆ. (ಸಂಜೆ ಆ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರೋ ಎಂಬ ಯೋಚನೆ ನನಗೆ ಬಂತು. ಮೂವತ್ತೈದು ವರ್ಷ ಕೌಂಟರಿನಲ್ಲಿ ಕೂತವನ ಬುದ್ಧಿ!) ಆಮೇಲಿನ ದೋಣಿಗಳಲ್ಲಿ ಹಬೆಯಿಂದ ನುಡಿಯುವ ‘ಕ್ಯಾಲಿಯೊಪಿ’ ಎಂಬ ವಾದ್ಯ ಬಂತು. ಅದರ ಸದ್ದು ಮೈಲಿಗಟ್ಟಲೆ ಕೇಳುತ್ತಿತ್ತು. ಸದ್ದು ಕಿವಿಗೆ ಬಿದ್ದರೆ ಸಾಕು, ಊರಿಗೆ ಊರೇ ದಂಡೆಗೆ ಓಡುತ್ತಿತ್ತು.

ಮೆಜೆಸ್ಟಿಕ್ಕನ್ನು ಟಾಮ್ ರೆನಾಲ್ಡ್ಸ್ ಎಂಬಾತ 1923ರಲ್ಲಿ ಕಟ್ಟಿದ. ಹೆಂಡತಿ ಮಕ್ಕಳ ಜೊತೆ ಅದರಲ್ಲೇ ಸಂಸಾರ ಹೂಡಿದ. ಅವನ ಮಕ್ಕಳು ಬೆಳೆದದ್ದು ಆ ತೇಲುವ ಮನೆಯಲ್ಲೇ. ಸಿನಿಮಾ ಬಂತು, ಮೋಟಾರು ಬಂತು, ಉಳಿದ ನಾಟಕದ ದೋಣಿಗಳು ಒಂದೊಂದಾಗಿ ಮರೆಯಾದವು. ಇದನ್ನು 1967ರಲ್ಲಿ ಸಿನ್ಸಿನಾಟಿ ನಗರದವರು ಕೊಂಡು ತಮ್ಮ ದಂಡೆಗೆ ಕಟ್ಟಿಕೊಂಡರು. ನಾವು ನೋಡಿದಾಗಲೂ ಅದು ಅಲ್ಲೇ ಇತ್ತು.

ನನ್ನೂರು ಸಾಗರ. ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆಗೆ ನಾಟಕದ ಕಂಪನಿಗಳು ಬರುತ್ತಿದ್ದವು. ಜಾತ್ರೆ ಮುಗಿದು ಪರದೆ, ಟ್ರಂಕು, ತಗಡು ಎಲ್ಲ ಲಾರಿಗೆ ಏರುವಾಗ ಹತ್ತು ವರ್ಷದ ನಾನು ಅವರ ಜೊತೆ ಓಡಿಹೋಗಲು ಬಟ್ಟೆಗಂಟು ಹಿಡಿದು ನಿಂತಿದ್ದೆ. ಅಮ್ಮ ಬಂದು ಕಿವಿ ಹಿಡಿದು ಎಳೆದೊಯ್ದಳು. ಆಮೇಲೆ ಊರು ಬಿಡುವ ಆಸೆ ಎಲ್ಲಿ ಹೋಯಿತೋ! ಬ್ಯಾಂಕಿನಲ್ಲಿ ಎರಡು ಸಲ ಬಡ್ತಿ ಬೇಡವೆಂದು ಬರೆದುಕೊಟ್ಟೆ. ಬಡ್ತಿಯೆಂದರೆ ವರ್ಗಾವಣೆ. ಕ್ಲಾರ್ಕಾಗಿ ಸೇರಿದವನು ಕ್ಲಾರ್ಕಾಗಿಯೇ ಹೊರಬಂದೆ. ಊರು ಬಿಟ್ಟವಳು ನನ್ನ ಮಗಳು.

ಒಳಗೆ ಇನ್ನೂರಕ್ಕೆ ಸ್ವಲ್ಪ ಮೇಲ್ಪಟ್ಟು ಕುರ್ಚಿಗಳು, ಚಿಕ್ಕ ರಂಗ, ಕೆಂಪು ಪರದೆ. ಹಾಡು ಕುಣಿತದ ತಮಾಷೆ ನಾಟಕ. ಇಂಗ್ಲಿಷ್ ಮಾತಿನ ಓಟ ನನಗೆ ಅರ್ಧಕ್ಕರ್ಧ ತಪ್ಪಿಹೋಯಿತು; ನಗಬೇಕಾದಲ್ಲಿ ಮೊಮ್ಮಗ ಮೊಣಕೈಯಿಂದ ತಿವಿಯುತ್ತಿದ್ದ. ನಡುವೆ ಒಮ್ಮೆ ಹೊರಗೆ ಸರಕಿನ ದೋಣಿಗಳ ಸಾಲು ಹಾದುಹೋಗಿರಬೇಕು, ಕಾಲಡಿಯ ನೆಲ ಮೆಲ್ಲಗೆ ಎದ್ದು ಇಳಿಯಿತು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ನಟರು ಏನೂ ಆಗಿಲ್ಲವೆಂಬಂತೆ ಹಾಡುತ್ತಲೇ ಇದ್ದರು.

ನಾಟಕ ಬಿಟ್ಟ ಮೇಲೆ ದಂಡೆಯ ಮೆಟ್ಟಿಲ ಮೇಲೆ ಕೂತೆವು. ಪಕ್ಕದಲ್ಲಿ ರೋಬ್ಲಿಂಗ್ ತೂಗುಸೇತುವೆ, ಆಚೆ ದಡದಲ್ಲಿ ಕೆಂಟಕಿ ರಾಜ್ಯದ ದೀಪಗಳು. ಮಗಳು ಮೆಲ್ಲಗೆ, “ಅಪ್ಪಯ್ಯ, ಅಮ್ಮನೂ ಇಲ್ಲ. ಅಲ್ಲಿ ಒಬ್ಬನೇ ಇದ್ದು ಏನ್ ಮಾಡ್ತೀಯ? ಇಲ್ಲೇ ಇದ್ದುಬಿಡು” ಎಂದಳು. ನಾನು ದೋಣಿಯ ಹಗ್ಗವನ್ನೇ ನೋಡುತ್ತ ಕೂತೆ. “ನೋಡಣ” ಎಂದೆ. ಮೂರು ವಾರಕ್ಕೆ ಸಾಗರಕ್ಕೆ ವಾಪಸಾದೆ. ಅವಳು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು ಎಂದು ಒಮ್ಮೊಮ್ಮೆ ಅನಿಸುವುದುಂಟು.

ನಾವು ನೋಡಿದ ಮರುವರ್ಷ, 2013ಕ್ಕೆ, ಅಲ್ಲಿ ನಾಟಕ ನಿಂತಿತು. 2019ರಲ್ಲಿ ನಗರದವರು ದೋಣಿಯನ್ನು ಮಾರಿದರು. ಹೊಸಬರು ಅದನ್ನು ಬಿಡಿಸಿಕೊಂಡು ಹೋದರು. ಸುದ್ದಿ ಹೇಳಿದ್ದು ಮೊಮ್ಮಗನೇ. ಸಾಗರದಲ್ಲಿ ಮಳೆ ಹೊಯ್ಯುತ್ತಿತ್ತು, ಫೋನು ಸರಿಯಾಗಿ ಕೇಳುತ್ತಿರಲಿಲ್ಲ.

“ಅಜ್ಜ, ಮೆಜೆಸ್ಟಿಕ್ ಊರು ಬಿಟ್ಟು ಹೋಯ್ತು!”

“ಹೌದೇನೋ ಮರಿ? ಯಾರು ತಳ್ಳಿಕೊಂಡು ಹೋದ್ರು?”

ಆ ಕಡೆ ಒಂದು ಕ್ಷಣ ಮೌನ.

“ಅದೇ ಕೇಳೋದು ಮರೆತೆ ಅಜ್ಜ. ಕೇಳಿ ಹೇಳ್ತೀನಿ.”