ಸೋತ ಹಂಗಾಮು

ತನ್ನ ಹೊಲದ ಬೆಳೆ ಕೆಟ್ಟಾಗ ಒಕ್ಕಲಿಗನು ಮರುಗುವುದು ಸಹಜ. ಆದರೆ ತಾನು ಎಂದೂ ಮುಟ್ಟದ ಚೆಂಡೊಂದು ಎದುರಾಳಿಯ ಬಲೆಯನ್ನು ಸೇರಲಿಲ್ಲವೆಂದು, ದೂರದ ಕೊಪ್ಪಳದಲ್ಲಿ ಕುಳಿತ ಗೃಹಸ್ಥನೊಬ್ಬನು ಎದುರಿಗಿನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುವುದು ಯಾವ ನ್ಯಾಯ? ಮನೆಯವರು ನನ್ನನ್ನು ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆಯಿದು. ಇದಕ್ಕೆ ಉತ್ತರ ಹೇಳಬೇಕಾದರೆ ಕಾಲ್ಚೆಂಡಾಟದೊಡನೆ ನಮ್ಮ ನೆಲನೀರುಗಳ ವಿಷಯವನ್ನೂ ನಾಲ್ಕು ಮಾತು ಹೇಳಬೇಕಾಗುವುದು, ವಾಚಕರು ಸಹಿಸಿಕೊಳ್ಳಬೇಕು.

ನಮ್ಮದು ಕಾಲ್ಚೆಂಡಿನ ಸೀಮೆಯಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಹುಡುಗರ ಕೈಗೆ ಮೊದಲು ಸಿಗುವುದು ಬ್ಯಾಟು. ಜಾತ್ರೆಯಲ್ಲಿ ಜನ ಮುತ್ತುವುದು ಕುಸ್ತಿಯ ಕಣವನ್ನು. ಆದರೂ 1956ರವರೆಗೆ ನಾವು ಸೇರಿದ್ದ ಹೈದರಾಬಾದು ಈ ಆಟದ ದೊಡ್ಡ ಮನೆಯಾಗಿತ್ತು. ಅಲ್ಲಿಯ ಪೋಲೀಸ್ ತಂಡವು 1950ರಿಂದ 1954ರವರೆಗೆ ರೋವರ್ಸ್ ಕಪ್ಪನ್ನು ಬಿಡದೆ ಐದು ಸಲ ಗೆದ್ದಿತು. ಅದರ ಗುರುಗಳಾದ ಸಯ್ಯದ್ ಅಬ್ದುಲ್ ರಹೀಮರು ಭಾರತ ತಂಡವನ್ನು 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೂ, 1962ರ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣಪದಕಕ್ಕೂ ಒಯ್ದರು. ಬೆಂಗಳೂರೂ ಕಡಿಮೆಯದಲ್ಲ. 1937ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರು ಭಾರತದ ಒಂದೇ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೇ. ಹೀಗೆ 1956ರಲ್ಲಿ ನಾವು ಒಂದು ಕಾಲ್ಚೆಂಡಿನ ಮನೆಯಿಂದ ಇನ್ನೊಂದಕ್ಕೆ ಬಂದಂತಾಯಿತು. ಚೆಂಡು ಮಾತ್ರ ನಮ್ಮ ಅಂಗಳಕ್ಕೆ ಉರುಳಿ ಬರಲಿಲ್ಲ.

2013ರಲ್ಲಿ ಬೆಂಗಳೂರು ಎಫ್‌ಸಿ ತಂಡವು ಹುಟ್ಟಿದಾಗ ನನಗೆ ಆ ಕೊರತೆ ತುಂಬಿದಂತೆ ತೋರಿತು. ಮೊದಲ ವರ್ಷದಲ್ಲಿಯೇ ಅದು ಐ-ಲೀಗನ್ನು ಗೆದ್ದಿತು. 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಆಡಿದ ಮೊದಲ ಭಾರತೀಯ ತಂಡವಾಯಿತು. 2019ರ ಮಾರ್ಚಿಯಲ್ಲಿ ರಾಹುಲ್ ಭೇಕೆಯವರು ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಗೋವೆಯನ್ನು ಮಣಿಸಿ ಇಂಡಿಯನ್ ಸೂಪರ್ ಲೀಗಿನ ಪ್ರಶಸ್ತಿಯನ್ನೂ ಪಡೆಯಿತು. ಗೆಲವು ನಮ್ಮ ಮನೆಯ ಹಸುವಿನಂತೆ ತಾನಾಗಿ ಸಂಜೆಗೆ ಹಟ್ಟಿಗೆ ಬರುವುದೆಂದು ನಾವು ನಂಬಿಬಿಟ್ಟಿದ್ದೆವು.

ಆಮೇಲೆ ಬಂದುದು 2023-24ರ ಹಂಗಾಮು. ಹನ್ನೆರಡು ತಂಡಗಳಲ್ಲಿ ಹತ್ತನೆಯ ಸ್ಥಾನ. ಇಪ್ಪತ್ತೆರಡು ಪಂದ್ಯಗಳಲ್ಲಿ ಐದೇ ಗೆಲವು. ಡಿಸೆಂಬರಿನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿಯೇ ಮುಂಬಯಿ ತಂಡವು ನಾಲ್ಕು ಗೋಲು ಹೊಡೆದು ಹೋಯಿತು. ಏಪ್ರಿಲಿನಲ್ಲಿ ಮೋಹನ ಬಾಗಾನವೂ ಅಷ್ಟನ್ನೇ ಹೊಡೆಯಿತು. ನಡುವೆ ತರಬೇತುಗಾರರು ಬದಲಾದರು. ಅದೇ ವರ್ಷ ನಮ್ಮಲ್ಲಿ ಮಳೆಯೂ ಬರಲಿಲ್ಲ. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ಕುಷ್ಟಗಿಯ ಕಡೆ ನನ್ನ ಅಕ್ಕನ ಹೊಲದಲ್ಲಿ ಸಜ್ಜೆ ತೆನೆಗಟ್ಟುವ ಮೊದಲೇ ಒಣಗಿತು.

ಆ ದಿನಗಳಲ್ಲೊಮ್ಮೆ ನಾನು ಅಲ್ಲಿಗೆ ಹೋಗಿದ್ದಾಗ ಅಕ್ಕನ ಮಗನು ನಗುತ್ತ, “ಮಾವಾ, ನಿಮ್ಮ ಮಂದಿ ಮತ್ತ ನಾಕ ಗೋಲ ಹಾಕಿಸಿಕೊಂಡ್ರಂತಲ್ಲಾ! ಇನ್ನೂ ಅವರನ್ನ ಹಿಡಕೊಂಡ ಕುಂತೀರೇನು?” ಎಂದನು. ಹದಿನಾಲ್ಕರ ಹುಡುಗ, ಇಂಗ್ಲೆಂಡಿನ ಯಾವ ತಂಡ ಗೆಲ್ಲುವುದೋ ಆ ವರ್ಷ ಅವನು ಅದರ ಭಕ್ತ. ನಾನು ಉತ್ತರ ಹುಡುಕುವಷ್ಟರಲ್ಲಿ ಅಕ್ಕನು ಒಳಗಿನಿಂದಲೇ, “ಏ, ಸುಮ್ಮನಿರೋ. ಮುಂಗಾರಿ ಕೈ ಕೊಟ್ಟಿತಂತ ಯಾರರೆ ಹೊಲಾ ಮಾರತಾರೇನು?” ಎಂದಳು. ಆಟದ ಗಂಧವೇ ಇಲ್ಲದ ಅವಳು ನನ್ನ ಪಕ್ಷವನ್ನು ನನಗಿಂತ ಚೆನ್ನಾಗಿ ಮಂಡಿಸಿದ್ದಳು.

ಆದರೆ ಹೊಲವನ್ನು ಮಾರದಿದ್ದರಷ್ಟೇ ಸಾಲದು. ಮುಂದೆ ಅದಕ್ಕೇನು ಮಾಡಬೇಕೆಂಬುದು ಬೇರೆಯ ಮಾತು. ಇದನ್ನು ನನಗೆ ಕಲಿಸಿದ್ದು ತುಂಗಭದ್ರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ನನ್ನ ಹೆಂಡತಿಯ ತವರು ಗಂಗಾವತಿ. ಆ ಮನೆಯ ಅನ್ನವೆಲ್ಲ ಕಾಲುವೆಯ ನೀರಿನದು. ಆ ವಾರ ಅಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಕನ್ನಯ್ಯ ನಾಯ್ಡು ಎಂಬ ತಜ್ಞರ ಮುಂದಾಳುತನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಇಳಿಸಿ ಒಂದೇ ವಾರದಲ್ಲಿ ಬಾಯನ್ನು ಮುಚ್ಚಿದರು. ಜಲಾಶಯ ಮತ್ತೆ ತುಂಬಿತು. ಜನ ಕೈ ಮುಗಿದರು.

ಅದೇ ಮಳೆಗಾಲದ ಬೆನ್ನಿಗೆ ನನ್ನ ತಂಡವೂ ತುಂಬಿಕೊಂಡಿತು. 2024-25ರಲ್ಲಿ ಅದು ಮೂರನೆಯ ಸ್ಥಾನಕ್ಕೆ ಏರಿ ಅಂತಿಮ ಪಂದ್ಯವನ್ನು ಮುಟ್ಟಿತು. 2025ರ ಏಪ್ರಿಲ್ 12ರಂದು ಕಲ್ಕತ್ತೆಯಲ್ಲಿ ಮೋಹನ ಬಾಗಾನವು ಹೆಚ್ಚಿನ ಅವಧಿಯಲ್ಲಿ 2-1ರಿಂದ ಗೆದ್ದಿತಾದರೂ ನಾವು ತಲೆ ತಗ್ಗಿಸಬೇಕಾಗಲಿಲ್ಲ. ಆ ಹಂಗಾಮಿನಲ್ಲಿ ಹದಿನಾಲ್ಕು ಗೋಲು ಹೊಡೆದವರು ಸುನಿಲ್ ಛೇತ್ರಿ, ತಮ್ಮ ನಲವತ್ತನೆಯ ವಯಸ್ಸಿನಲ್ಲಿ! ಹರ್ಷಕ್ಕೆ ಇದಕ್ಕಿಂತ ಕಾರಣ ಬೇಡ, ಚಿಂತೆಗೂ ಬೇಡ. ಹರಿಯುವ ನೀರಿಗೆ ಎದೆಯೊಡ್ಡಿ ನಿಂತ ಆ ಮಹನೀಯರು ನಮ್ಮ ಸ್ಟಾಪ್‌ಲಾಗು. ಆದರೆ ಹೊಸ ಗೇಟುಗಳೆಲ್ಲಿ?

ಅಣೆಕಟ್ಟಿನವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಿಲ್ಲ. ಮೂವತ್ತಮೂರು ಗೇಟುಗಳನ್ನೂ ಬದಲಿಸಬೇಕೆಂದಾಯಿತು; ಅದಕ್ಕಾಗಿ 2025ರ ಕೊನೆಗೆ ಎರಡನೆಯ ಬೆಳೆಗೆ ನೀರು ಬಿಡುವುದಿಲ್ಲವೆಂದು ತೀರ್ಮಾನಿಸಿದರು. ಪುನರ್ನಿರ್ಮಾಣವೆಂಬ ದೊಡ್ಡ ಶಬ್ದದ ಬೆಲೆ ಆಗ ತಿಳಿಯಿತು: ಒಂದು ಹಂಗಾಮಿನ ಭತ್ತ. “ಗೇಟು ಕೂಡಲಿ, ನಾವು ತಾಳಿಕೋತೀವಿ. ಆದರ ತಾಳಿಕೊಂಡವರಿಗೆ ಲೆಕ್ಕಾನೂ ಕೊಡಬೇಕಲ್ಲ?” ಎಂದರು ನನ್ನ ಮಾವನವರು. ಅಭಿಮಾನಿಯ ಬೇಡಿಕೆಯೂ ಇಷ್ಟೇ. ತರುಣರನ್ನು ಬೆಳೆಸಲೆಂದು ಎರಡು ವರ್ಷ ಸೋಲುವೆವೆಂದು ತಂಡದವರು ಮೊದಲೇ ಹೇಳಲಿ; ನಾವು ರೊಟ್ಟಿಯನ್ನು ಪೂರ್ತಿ ಉಂಡು ಏಳುವೆವು. ಏನೂ ಹೇಳದೆ ವರ್ಷಕ್ಕೊಬ್ಬ ಹೊರನಾಡಿನ ಆಟಗಾರನನ್ನು ತೋರಿಸಿ ಕಾಯಿಸುವುದು ಮಾತ್ರ ಸಲ್ಲದು. 2025ರ ಜುಲೈಯಲ್ಲಿ ಒಪ್ಪಂದದ ತೊಡಕಿನಿಂದ ಲೀಗನ್ನೇ ತಡೆಹಿಡಿದಾಗ, ತಿಂಗಳುಗಟ್ಟಲೆ ಆಟವಿಲ್ಲದ ಕಾಲದಲ್ಲಿ, ಈ ಮಾತು ನನಗೆ ಇನ್ನಷ್ಟು ಮನದಟ್ಟಾಯಿತು.

ತಾಳ್ಮೆ ವ್ಯರ್ಥವಲ್ಲವೆಂಬುದಕ್ಕೆ ದೃಷ್ಟಾಂತ ನಮ್ಮಲ್ಲಿಯೇ ಇದೆ. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದ ನಮ್ಮ ರಾಜ್ಯ, ಕರ್ನಾಟಕವೆಂಬ ಹೆಸರಿನಲ್ಲಿ ಅದನ್ನು ಮತ್ತೆ ಎತ್ತಿದ್ದು 2023ರ ಮಾರ್ಚ್ 4ರಂದು, ರಿಯಾಧಿನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ಐವತ್ತನಾಲ್ಕು ವರ್ಷ! ಆ ನಡುವೆ ಯಾರೋ ಯಾವುದೋ ಬಯಲಿನಲ್ಲಿ ಹುಡುಗರಿಗೆ ಚೆಂಡು ಕೊಡುತ್ತಲೇ ಇದ್ದಿರಬೇಕು. ಇಲ್ಲವಾದರೆ ಆ ದಿನ ಬರುತ್ತಿರಲಿಲ್ಲ.

ಕಳೆದ ಸಲ ಭೆಟ್ಟಿಯಾದಾಗ ಅಕ್ಕನ ಮಗನು ನಗಲಿಲ್ಲ. “ಮಾವಾ, ನಮ್ಮ ಕಡೆ ಹುಡುಗರನ್ನ ಅಲ್ಲಿ ತಗೋತಾರೇನು?” ಎಂದು ತಗ್ಗಿದ ದನಿಯಲ್ಲಿ ಕೇಳಿದನು. ಶಾಲೆಯ ಬಯಲಿನಲ್ಲಿ ಬರಿಗಾಲಲ್ಲಿ ಆಡಿ ಹೆಬ್ಬೆರಳನ್ನು ಒಡೆದುಕೊಂಡಿದ್ದನು. ತೋರಣಗಲ್ಲು ನಮಗೆ ದೂರವಲ್ಲ. ನನ್ನ ತಂಡದ ಒಡೆಯರ ಉಕ್ಕಿನ ಕಾರ್ಖಾನೆ ಇರುವುದು ಅಲ್ಲಿಯೇ. ಅಲ್ಲಿಂದ ತಂಡದವರು ಒಂದು ದಿನ ಕುಷ್ಟಗಿಗೋ ಯಲಬುರ್ಗಕ್ಕೋ ಬಂದು ನಮ್ಮ ಮಕ್ಕಳ ಕಾಲನ್ನು ನೋಡಿ ಹೋದರೆ, ಪುನರ್ನಿರ್ಮಾಣವು ನಿಜವಾಗಿ ಆರಂಭವಾಯಿತೆಂದು ನಾನು ನಂಬುವೆನು. ಹುಡುಗನಿಗೆ ನಾನು ಭರವಸೆಯನ್ನೇನೂ ಕೊಡಲಿಲ್ಲ. ಮರುದಿನ ಕೊಪ್ಪಳದ ಪೇಟೆಯಲ್ಲಿ ಅವನ ಅಳತೆಯ ಬೂಟುಗಳನ್ನು ಕೊಂಡು ಕುಷ್ಟಗಿಯ ಬಸ್ಸಿಗೆ ಹಾಕಿಸಿದೆನು.