ಬದುವಿನ ಮೇಲಿನ ಜಾಗ

ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಒಂದು ಹಳೆಯ ಕಲ್ಲಿನ ಸಮಾಧಿ ಇದೆ. 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿಸಿದ ಹಿರಿಯ ಕೆಂಪೇಗೌಡರದು. ಕುಣಿಗಲ್ ಕಡೆಯಿಂದ ಮರಳುವಾಗ ಅವರು ಇಲ್ಲಿ ತೀರಿಕೊಂಡರೆಂದು ಅಲ್ಲಿನ ಶಾಸನ ಹೇಳುತ್ತದೆ. 1569ರ ಮಾತು ಅದು. ಸಮಾಧಿ ನಾಡಿನ ಕಣ್ಣಿಗೆ ಬಿದ್ದದ್ದು 2015ರಲ್ಲಿ. ಅಷ್ಟೂ ಕಾಲ ಬೆಂಗಳೂರು ಅವರ ಹೆಸರು ಹೇಳಿಕೊಂಡು ಬೆಳೆಯಿತು. ಅವರು ಮಲಗಿದ್ದ ಜಾಗವನ್ನು ಮಾತ್ರ ಯಾರೂ ಕೇಳಲಿಲ್ಲ.

ಇದನ್ನು ನೆನೆದಾಗಲೆಲ್ಲ ನನಗೆ ಮಾರ್ಕಸ್ ಅರೇಲಿಯಸ್ ನೆನಪಾಗುತ್ತಾನೆ. ರೋಮಿನ ಚಕ್ರವರ್ತಿ, ಡ್ಯಾನ್ಯೂಬ್ ಗಡಿಯ ಯುದ್ಧದ ನಡುವೆ ತನಗಾಗಿ ತಾನೇ ಟಿಪ್ಪಣಿ ಬರೆದುಕೊಂಡವನು. ಹಿಂದಿನ ದೊರೆಗಳೆಲ್ಲ ಹೋದರು, ಅವರನ್ನು ಹೊಗಳಿದವರೂ ಹೋದರು, ಹೊಗಳಿಕೆಗೆ ಯಾಕೆ ಬಾಯಿ ಬಿಡುತ್ತೀಯ ಎಂದು ತನ್ನನ್ನೇ ಗದರಿಕೊಳ್ಳುತ್ತಾನೆ. ಅವನು ನಂಬಿದ್ದ ಸ್ಟೋಯಿಕ್ ಪಂಥದವರ ಮೂಲ ಮಾತು ಇಷ್ಟೇ: ಯಾವುದು ನಮ್ಮ ಕೈಯಲ್ಲಿದೆ, ಯಾವುದು ಇಲ್ಲ ಎಂದು ಬೇರೆ ಮಾಡಿಕೊಳ್ಳಬೇಕು. ಕೆರೆ ಕಟ್ಟಿಸುವುದು ಗೌಡರ ಕೈಯಲ್ಲಿತ್ತು. ಅದು ಉಳಿಯುವುದು ಇರಲಿಲ್ಲ. ಅವರ ಕೆಂಪಾಂಬುಧಿ ಕೆರೆ ಇನ್ನೂ ಇದೆ. ಧರ್ಮಾಂಬುಧಿ ಬತ್ತಿ, ಅದರ ಅಂಗಳದಲ್ಲಿ ಇವತ್ತು ಮೆಜೆಸ್ಟಿಕ್‌ನ ಬಸ್ಸುಗಳು ನಿಲ್ಲುತ್ತವೆ. ಅಲ್ಲಿ ನೀರು ಕುಡಿದು ಹೋದ ದನಕರು, ಬೆಳೆದುಂಡ ಜನ, ಅವರ ಮಟ್ಟಿಗೆ ಆ ಕೆರೆ ಸಾರ್ಥಕವೇ ಆಯಿತಲ್ಲ! ಬತ್ತಿದ ಮಾತ್ರಕ್ಕೆ ಕಟ್ಟಿಸಿದ್ದು ವ್ಯರ್ಥವೆಂದು ನನಗೆ ಅನ್ನಿಸುವುದಿಲ್ಲ.

ಇಲ್ಲಿಯತನಕ ನಾನು ಸ್ಟೋಯಿಕರ ಜೊತೆ ಒಪ್ಪಿ ನಡೆಯುತ್ತೇನೆ. ಮುಂದೆ ಸ್ವಲ್ಪ ಕಷ್ಟ.

ಗುಲಾಮನಾಗಿದ್ದು ಆ ಪಂಥದ ಗುರುವಾದ ಎಪಿಕ್ಟೀಟಸ್ ಒಂದು ಕಠಿಣ ಅಭ್ಯಾಸ ಹೇಳಿಕೊಟ್ಟ. ಮಗುವಿಗೆ ಮುತ್ತಿಡುವಾಗ, ನಾಳೆ ಇದು ಇರಲಿಕ್ಕಿಲ್ಲ ಎಂದು ಮನಸ್ಸಿನೊಳಗೇ ಅಂದುಕೋ ಎಂದು. ಮಾರ್ಕಸ್ ಆ ಮಾತನ್ನು ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡಿದ್ದಾನೆ. ಅವನ ಮಕ್ಕಳಲ್ಲಿ ಹೆಚ್ಚಿನವು ಎಳೆಯ ವಯಸ್ಸಿನಲ್ಲೇ ತೀರಿಕೊಂಡವು ಎಂದು ತಿಳಿದ ಮೇಲೆ ಆ ಸಾಲನ್ನು ಓದುವಾಗ ನನ್ನ ಗಂಟಲು ಕಟ್ಟುತ್ತದೆ. ಅದು ಬೋಧನೆಯಲ್ಲ, ಅಪ್ಪನೊಬ್ಬನ ಸಂಕಟ.

ಸಾವನ್ನು ಹತ್ತಿರ ಇಟ್ಟುಕೊಂಡೇ ಬದುಕುವುದು ನಮ್ಮ ಕಡೆಗೂ ಹೊಸದಲ್ಲ. ನಮ್ಮ ಸೀಮೆಯ ರೈತರು ಸತ್ತವರನ್ನು ಬಹಳ ಮಟ್ಟಿಗೆ ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಮೂರನೆಯ ದಿನ ಹಾಲುತುಪ್ಪ ಬಿಡುತ್ತಾರೆ. ಆಮೇಲೆ ಆ ಸಮಾಧಿಯ ಪಕ್ಕದಲ್ಲೇ ರಾಗಿ ಬಿತ್ತುತ್ತಾರೆ, ಕಳೆ ಕೀಳುತ್ತಾರೆ, ಬುತ್ತಿ ಬಿಚ್ಚಿ ಉಣ್ಣುತ್ತಾರೆ. ನಮ್ಮ ದೊಡ್ಡಮ್ಮ ಒಂದು ಸಂಜೆ ಅವರೆಕಾಯಿ ಬಿಡಿಸುತ್ತ ಕೂತಿದ್ದವರು ಮಗನನ್ನು ಕರೆದು, "ನನ್ನ ಬದುವಿನ ಮೇಲೇ ಇಕ್ಕು ಕಣಪ್ಪ. ಹೊಲದ ಮಧ್ಯ ಇಕ್ಕಬೇಡ, ಉಳೋವಾಗ ಸುತ್ತಾಕ್ಕೊಂಡು ಹೋಗಬೇಕಾಯ್ತದೆ" ಅಂದರು. ಮಗ ಸಿಡುಕಿದ. ಅವರು ಉಳಿದ ಅವರೆಕಾಯಿಗೆ ಕೈ ಹಾಕಿದರು. ತನ್ನ ಸಾವಿನಿಂದ ನೇಗಿಲಿಗೆ ತೊಡಕಾಗಬಾರದು ಎಂಬುದಷ್ಟೇ ಅವರ ಚಿಂತೆ. ಎಪಿಕ್ಟೀಟಸ್ ಎದುರಿಗಿದ್ದಿದ್ದರೆ ಮೆಚ್ಚುತ್ತಿದ್ದ.

ಆದರೆ ಇದೇ ದೊಡ್ಡಮ್ಮ ಮಾರ್ನಮಿಯ ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಪ್ರತಿ ಸಲ ಅಳುತ್ತಿದ್ದರು. ದೊಡ್ಡಪ್ಪನಿಗೆ ಹೊಸ ಪಂಚೆ, ಅವರಿಗೆ ಇಷ್ಟವಾದ ಕೋಳಿಸಾರು, ಮುದ್ದೆ, ಒಂದು ಕಟ್ಟು ಬೀಡಿ. ಬಾಗಿಲು ಮುಂದೆ ಮಾಡಿ ಹೊರಗೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಆಮೇಲೆ ಒಳಗೆ ಹೋಗಿ ಎಲ್ಲರಿಗೂ ಬಡಿಸುತ್ತಿದ್ದರು. ತನ್ನ ಸಾವಿಗೆ ಹೆದರದವರು ಗಂಡನ ಸಾವಿಗೆ ಅಳುವುದನ್ನು ಬಿಟ್ಟಿರಲಿಲ್ಲ. ನಾಳೆ ಇರಲಿಕ್ಕಿಲ್ಲ ಎಂದು ಮೊದಲೇ ಅಂದುಕೊಂಡಿದ್ದರೆ ಆ ಅಳು ಕಡಿಮೆಯಾಗುತ್ತಿತ್ತೇ? ಆಗುತ್ತಿತ್ತೆಂದು ನಾನು ನಂಬುವುದಿಲ್ಲ, ಆಗಬೇಕಿತ್ತೆಂದೂ ನನಗೆ ಅನ್ನಿಸುವುದಿಲ್ಲ. ದೊಡ್ಡಮ್ಮನನ್ನು ಬದುವಿನ ಮೇಲೇ ಇಟ್ಟೆವು. ಈಗ ಮಾರ್ನಮಿಗೆ ಅವರ ಹೆಸರಿಗೂ ಒಂದು ಎಡೆ ಬೀಳುತ್ತದೆ, ಎಲೆಯ ತುದಿಗೆ ಎಲೆ ಅಡಿಕೆ ಇಡುವುದನ್ನು ಯಾರೂ ಮರೆಯುವುದಿಲ್ಲ.