ಕಾಲು ಔನ್ಸಿನ ಸೀಸ

ಮಗಳ ಬಾಣಂತನಕ್ಕೆಂದು ಚಳಿಗಾಲದ ಕೊನೆಗೆ ಟೆಕ್ಸಾಸಿಗೆ ಹೋದೆ. ಅಳಿಯಂದಿರಿಗೆ ಬಾಸ್ ಮೀನು ಹಿಡಿಯುವ ಗೀಳು. ಶನಿವಾರ ಬಂತೆಂದರೆ ಲೇಕ್ ಫೋರ್ಕ್ ಜಲಾಶಯ. ಅಲ್ಲಿ 16ರಿಂದ 24 ಅಂಗುಲದ ಬಾಸ್ ಸಿಕ್ಕರೆ ಮತ್ತೆ ನೀರಿಗೇ ಬಿಡಬೇಕಂತೆ. ಬಿಡುವುದಕ್ಕೆ ಹಿಡಿಯುವುದೇಕೋ, ಮೀನಿನ ವಾಸನೆಗೇ ಮೂಗು ಮುಚ್ಚುವ ನನಗೆ ತಿಳಿಯಲಿಲ್ಲ.

ಶುಕ್ರವಾರ ರಾತ್ರಿ ಊಟದ ಮೇಜಿನ ಮೇಲೆ ಅವರ ಡಬ್ಬಿ ತೆರೆಯುತ್ತಿತ್ತು. ಸ್ವಿಮ್ ಜಿಗ್ ಎಂದರೆ ಕೊಕ್ಕೆಗೊಂದು ಸೀಸದ ತಲೆ, ಅದರ ಸುತ್ತ ಜಡೆಕುಚ್ಚಿನಂಥ ಸಿಲಿಕೋನ್ ಎಳೆಗಳು. ಹಿಂದೆ ಸಿಕ್ಕಿಸುವ ಮೆತ್ತನೆಯ ಪ್ಲಾಸ್ಟಿಕ್ ಬಾಲವೇ ಟ್ರೇಲರ್. ದಂಡೆಯ ಜೊಂಡಿನ ನಡುವಿನ ತೆಳುನೀರಿಗೆ ಕಾಲು ಔನ್ಸ್, ಅಂದರೆ ನಮ್ಮ 7 ಗ್ರಾಂ ಸಾಕು. ಆಳಕ್ಕೆ ಅರ್ಧ ಔನ್ಸ್. ದಪ್ಪ ಬಾಲ ಹಾಕಿದರೆ ಜಿಗ್ ನಿಧಾನ ಮುಳುಗುತ್ತದೆ, ಎಳೆದಾಗ ಮೇಲಕ್ಕೇಳುತ್ತದೆ; ಆಳದಲ್ಲೇ ಈಜಬೇಕಿದ್ದರೆ ತಲೆಯ ತೂಕ ಹೆಚ್ಚಬೇಕು. ತಣ್ಣೀರಿಗೆ ಹೆಚ್ಚು ಅಲ್ಲಾಡದ ಸಣ್ಣ ಬಾಲ, ಬೇಸಿಗೆಗೆ ರಪರಪ ಬಡಿಯುವಂಥದು. ನನ್ನೊಡನೆ ಎರಡು ಮಾತೂ ಆಡದ ಅಳಿಯಂದಿರು ಇದನ್ನು ಮಾತ್ರ ಬಿಡಿಸಿ ಬಿಡಿಸಿ ಹೇಳಿದರು.

ಅಷ್ಟರಲ್ಲಿ ಮಗು ಅತ್ತಿತು. ಸೀಸ ಮುಟ್ಟಿದ ಕೈಯಲ್ಲೇ ಎತ್ತಿಕೊಳ್ಳಹೋದರು. ಅಳಿಯನಿಗೆ ಬುದ್ಧಿ ಹೇಳಬಾರದೆಂದು ಊರು ಬಿಡುವಾಗಲೇ ನಿಶ್ಚಯಿಸಿದ್ದೆ. ಆದರೂ, "ಕೈ ತೊಳೆದುಕೊಂಡು ಬನ್ನಿ. ಸೀಸ ಮಕ್ಕಳ ಮಿದುಳಿಗೆ ವಿಷ" ಎಂದುಬಿಟ್ಟೆ. ಅದೂ ತರಗತಿಯ ದನಿಯಲ್ಲಿ! ಮಗಳು ನನ್ನನ್ನೇ ನೋಡಿದಳು. ಅವರು ಏನೂ ಅನ್ನದೆ ಎದ್ದು ಹೋದರು. ಆ ರಾತ್ರಿ ನನಗೆ ನಿದ್ದೆಯಿಲ್ಲ.

ಮುಂದಿನ ಶುಕ್ರವಾರ ಡಬ್ಬಿ ಗ್ಯಾರೇಜಿಗೆ ಹೋಗಿತ್ತು. ಟಂಗ್‌ಸ್ಟನ್ನಿನ ಎರಡು ಜಿಗ್ ತಂದಿದ್ದರು. ಸೀಸಕ್ಕಿಂತ ದುಬಾರಿ, ಅದೇ ತೂಕಕ್ಕೆ ತಲೆ ಚಿಕ್ಕದು.

"ಅತ್ತೆ, ಇದಕ್ಕೆ ಯಾವ ಬಾಲ ಹಾಕಲಿ?"

"ಹೊರಗೆ ಇನ್ನೂ ಚಳಿಯಿದೆ, ಸಣ್ಣದೇ ಇರಲಿ" ಎಂದೆ.